ಗಣಿ ದಿಬ್ಬದ ಪಕ್ಕದ ಮನೆ: ಅಂಗಳದ ಮಣ್ಣನ್ನು ಏನು ಮಾಡೋದು?

ಕೇಳಿದವರು
ಕೆಜಿಎಫ್‌ನಲ್ಲಿ ಅತ್ತೆಯವರ ಹಳೇ ಮನೆ ಇದೆ. ಬೆಂಗಳೂರು ಬಿಟ್ಟು ಅಲ್ಲಿಗೇ ಹೋಗಿ ಇರೋಣ ಅಂತ ಯೋಚನೆ. ಬಾಗಿಲಲ್ಲಿ ನಿಂತರೆ ಸೈನೈಡ್ ದಿಬ್ಬ ಕಾಣುತ್ತದೆ. ನಾಲ್ಕು ವರ್ಷದ ಮಗ ಇಡೀ ದಿನ ಮಣ್ಣಲ್ಲೇ ಇರುತ್ತಾನೆ. ಹಿತ್ತಲಲ್ಲಿ ಸೊಪ್ಪು ಬೆಳೆಯುವ ಆಸೆಯೂ ಇದೆ. ಮೇಸ್ತ್ರಿ "ಜೆಸಿಬಿ ತರಿಸಿ ಮೂರಡಿ ಮಣ್ಣು ತೆಗೆಸಿಬಿಡಿ" ಎನ್ನುತ್ತಾರೆ. ಪಕ್ಕದ ಮನೆಯವರು "ಸೈನೈಡ್ ಎಂದೋ ಹೋಯಿತು, ಸುಮ್ನೆ ಇರಿ" ಎನ್ನುತ್ತಾರೆ. ಇಂಥ ಕಡೆ ಇದ್ದವರು ಏನು ಮಾಡಿದ್ದೀರಿ?

ಚಾಂಪಿಯನ್ ರೀಫ್ಸ್‌ನಲ್ಲಿ ಬೆಳೆದವರು
ಅಕ್ಕಾ, ಪಕ್ಕದ ಮನೆಯವರು ಹೇಳಿದ್ದು ಅರ್ಧ ಸರಿ. ಕಲ್ಲನ್ನು ಹಿಟ್ಟಿನ ಹಾಗೆ ಪುಡಿ ಮಾಡಿ, ಸೈನೈಡ್ ಬೆರೆಸಿದ ನೀರಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಪುಡಿಯೇ ಆ ದಿಬ್ಬ. ಮೇಲಿನ ಪದರದ ಸೈನೈಡ್ ಬಿಸಿಲು, ಗಾಳಿಗೆ ಬಹಳಷ್ಟು ಒಡೆದು ಹೋಗುತ್ತದೆ. ಆದರೆ ಕಲ್ಲಿನೊಳಗಿದ್ದ ಲೋಹಗಳು ಎಲ್ಲಿಗೂ ಹೋಗುವುದಿಲ್ಲ. ಕಲ್ಲಿನ ನುಣ್ಣನೆ ಸಿಲಿಕಾ ದೂಳೂ ಅಷ್ಟೇ. ಗಣಿ ಕಾರ್ಮಿಕರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆ ತಂದದ್ದು ಸಿಲಿಕಾ ದೂಳೇ ಅಲ್ವಾ?

2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು, ದಿಬ್ಬಗಳು ಹಾಗೇ ಉಳಿದವು. ಆಷಾಢದ ಗಾಳಿ ಬಂದರೆ ಗೊತ್ತಾಗುತ್ತದೆ. ಕಿಟಕಿ ಮುಚ್ಚಿದ್ದರೂ ಸಂಜೆ ಹೊತ್ತಿಗೆ ಟೇಬಲ್ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ನಮ್ಮಮ್ಮ ಆ ತಿಂಗಳುಗಳಲ್ಲಿ ಪೊರಕೆ ಮುಟ್ಟುತ್ತಿರಲಿಲ್ಲ. ಒದ್ದೆ ಬಟ್ಟೆಯಲ್ಲೇ ಒರೆಸುವುದು, ಬಟ್ಟೆ ಒಳಗೇ ಒಣಗಿಸುವುದು, ನೀರಿನ ಕೊಡಕ್ಕೆ ಮುಚ್ಚಳ. ಇವತ್ತಿಗೂ ನಾನು ಹೇಳುವುದು ಅದನ್ನೇ. ಚಪ್ಪಲಿ ಹೊರಗೆ. ಮಗ ಊಟಕ್ಕೆ ಕೂರುವ ಮೊದಲು ಕೈ, ಉಗುರು ಎರಡೂ ತೊಳೆಯಿರಿ.

ಮಣ್ಣು-ನೀರು ಪರೀಕ್ಷೆ ಮಾಡುವವರು
ಜೆಸಿಬಿ ಸದ್ಯಕ್ಕೆ ಬೇಡ ಮೇಡಂ. ನಿಮ್ಮ ಅಂಗಳದಲ್ಲಿ ಏನಿದೆ ಎಂದೇ ಇನ್ನೂ ಗೊತ್ತಿಲ್ಲ. ಗಾಳಿಯಲ್ಲಿ ಬಂದದ್ದಾದರೆ ಮೇಲಿನ ಕೆಲವೇ ಇಂಚಿನಲ್ಲಿರುತ್ತದೆ. ಮೂರಡಿ ಅಗೆದು ಅದನ್ನು ಎಲ್ಲಾ ಕಡೆ ಕಲಸಿ, ದೂಳೆಬ್ಬಿಸಿ, ತೆಗೆದದ್ದನ್ನು ಯಾವುದೋ ಕೆರೆ ಅಂಗಳಕ್ಕೆ ಸುರಿದರೆ ಆಯಿತೇ?

ಕೃಷಿ ಇಲಾಖೆಯ ಮಣ್ಣು ಆರೋಗ್ಯ ಚೀಟಿ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಅದರಲ್ಲಿ ನೋಡುವ 12 ಅಂಶಗಳಲ್ಲಿ ಸಾರಜನಕ, ರಂಜಕ, ಪೊಟ್ಯಾಷ್, ಸತು ಎಲ್ಲ ಇವೆ. ಸೀಸ, ಆರ್ಸೆನಿಕ್ ಇಲ್ಲ. ಎನ್ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಫೋನ್ ಮಾಡಿ "ಮಣ್ಣಿನಲ್ಲಿ ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ" ಎಂದು ಹೆಸರು ಹಿಡಿದೇ ಕೇಳಿ.

ಮಾದರಿ ತೆಗೆಯುವಾಗ ಮಗ ಆಡುವ ಜಾಗ, ತರಕಾರಿ ಹಾಕುವ ಜಾಗ, ಸೂರಿನ ನೀರು ಬೀಳುವ ಜಾಗ, ಮೂರನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ. ಒಂದೊಂದರಲ್ಲೂ ಐದಾರು ಕಡೆಯಿಂದ ಮೇಲಿನ ಒಂದೆರಡು ಇಂಚು ಮಾತ್ರ, ಪ್ಲಾಸ್ಟಿಕ್ ಚಮಚದಲ್ಲಿ. ಬೋರ್‌ವೆಲ್ ಇದ್ದರೆ ನೀರನ್ನೂ ಕೊಡಿ. ಕುಡಿಯುವ ನೀರಿಗೆ ಆರ್ಸೆನಿಕ್ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಬಣ್ಣ, ರುಚಿ ಏನೂ ಇರುವುದಿಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ನೀರಿನ ಆರ್ಸೆನಿಕ್ ಗೊತ್ತಾದದ್ದು ಜನರ ಚರ್ಮದ ಮೇಲೆ ಗುರುತು ಬಿದ್ದ ಮೇಲೆ. ಅದೂ ಚಿನ್ನದ ಗಣಿ ಇದ್ದ ಸೀಮೆಯೇ.

ಅಮೆರಿಕದ ಐಡಾಹೊದಿಂದ
ನಾನಿದ್ದ ಬಾಡಿಗೆ ಮನೆ ಬಂಕರ್ ಹಿಲ್ ಪ್ರದೇಶದಲ್ಲಿತ್ತು. ಬೆಳ್ಳಿ, ಸೀಸದ ಗಣಿ, ಜೊತೆಗೆ ಸೀಸ ಕರಗಿಸುವ ಕಾರ್ಖಾನೆ ಇದ್ದ ಜಾಗ. 1983ರಲ್ಲಿ ಅದನ್ನು ಸೂಪರ್‌ಫಂಡ್ ಪಟ್ಟಿಗೆ, ಅಂದರೆ ಅಮೆರಿಕ ಸರ್ಕಾರ ಸ್ವಚ್ಛ ಮಾಡಿಸಬೇಕೆಂದು ಗುರುತಿಸಿದ ಕಲುಷಿತ ಜಾಗಗಳ ಪಟ್ಟಿಗೆ ಸೇರಿಸಿದರು. ಅಲ್ಲಿ ಸರ್ಕಾರವೇ ನಿಂತು ಮನೆ ಮನೆ ಅಂಗಳ ಸ್ವಚ್ಛ ಮಾಡಿಸಿತು, ಎಲ್ಲ ಸೇರಿ 7,000ಕ್ಕೂ ಹೆಚ್ಚು ಜಾಗಗಳು. ಅಷ್ಟು ದುಡ್ಡಿದ್ದ ಅವರೂ ಕೊನೆ ತನಕ ಅಗೆಯಲಿಲ್ಲ, ನೋಡಿ. ಅಂಗಳದಲ್ಲಿ ಸಾಮಾನ್ಯವಾಗಿ ಒಂದಡಿ, ತರಕಾರಿ ಮಡಿ ಇದ್ದರೆ ಎರಡಡಿ. ಕೆಳಗೆ ಇನ್ನೂ ಕೆಟ್ಟ ಮಣ್ಣು ಉಳಿದಿದ್ದರೆ ಗುರುತಿಗೆ ಒಂದು ಬಟ್ಟೆ ಹಾಸಿ, ಮೇಲೆ ಹೊಸ ಮಣ್ಣು, ಹುಲ್ಲು ಅಥವಾ ಜಲ್ಲಿ. ಆಮೇಲೆ ಯಾರಾದರೂ ಗುಂಡಿ ತೋಡಿ ಆ ಬಟ್ಟೆ ಕಂಡರೆ ನಿಲ್ಲಿಸಬೇಕು. ದೊಡ್ಡದಾಗಿ ಅಗೆಯುವುದಾದರೆ ಆರೋಗ್ಯ ಇಲಾಖೆಯ ಪರವಾನಗಿ ಬೇಕು. ತೆಗೆದ ಮಣ್ಣು ಹಾಕುವುದಕ್ಕೂ ಜಾಗ ಗೊತ್ತು ಮಾಡಿದ್ದಾರೆ.

ವರದಿ ಬಂದ ಮೇಲೆ ಹೋಲಿಸಲು ಒಂದು ಅಂಕಿ: ಮನೆ ಅಂಗಳದ ಸೀಸಕ್ಕೆ ಅಮೆರಿಕದ ಎಚ್ಚರಿಕೆಯ ಮಟ್ಟವನ್ನು 2024ರಲ್ಲಿ ಕೆಜಿಗೆ 400 ಮಿಲಿಗ್ರಾಂನಿಂದ 200ಕ್ಕೆ ಇಳಿಸಿದರು.

ಇನ್ನೊಬ್ಬರು
ಸೂರ್ಯಕಾಂತಿ ಹಾಕಿದರೆ ವಿಷ ಹೀರುತ್ತದೆ ಅಂತ ಓದಿದ್ದೆ. ಡಿಎಪಿ ಗೊಬ್ಬರ ಹಾಕಿದರೆ ಸೀಸ ಮಣ್ಣಿನಲ್ಲೇ ಕಟ್ಟಿಕೊಳ್ಳುತ್ತದಂತೆ. ಹೌದೇ?

ಮಣ್ಣು-ನೀರು ಪರೀಕ್ಷೆ ಮಾಡುವವರು
ಸೂರ್ಯಕಾಂತಿ ಹೀರುವುದು ಸ್ವಲ್ಪ. ವರ್ಷಗಟ್ಟಲೆ ಬೆಳೆಯಬೇಕು, ಕಿತ್ತ ಗಿಡವನ್ನು ದನಕ್ಕೂ ಹಾಕುವ ಹಾಗಿಲ್ಲ, ಸುಡುವ ಹಾಗೂ ಇಲ್ಲ. ಮಗು ಆಡುವ ಅಂಗಳಕ್ಕೆ ಅದು ದಾರಿಯಲ್ಲ. ಡಿಎಪಿ ಇನ್ನೂ ಅಪಾಯ. ಅದರಲ್ಲಿರುವ ಫಾಸ್ಫೇಟ್ ಸೀಸವನ್ನು ಹಿಡಿಯುತ್ತದೆ ನಿಜ, ಆದರೆ ಆರ್ಸೆನಿಕ್ ಇದ್ದರೆ ಅದನ್ನು ಮಣ್ಣಿನಿಂದ ಬಿಡಿಸಿ ನೀರಿಗೆ ಸೇರಿಸುತ್ತದೆ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಬರುವುದು ಸಾಮಾನ್ಯ. ವರದಿ ನೋಡದೆ ಏನನ್ನೂ ಸುರಿಯಬೇಡಿ.

ಬಂಗಾರಪೇಟೆಯಿಂದ
2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ಸ್ವಚ್ಛತೆಗೆ ಹೊಸ ನಿಯಮ ತಂದಿತು. ಖುಷಿಯಿಂದ ಓದಿದೆ. ಗಣಿಗಾರಿಕೆಯಿಂದ ಆದ ಮಾಲಿನ್ಯ ಅದಕ್ಕೆ ಬರುವುದಿಲ್ಲವಂತೆ, ಅದಕ್ಕೆ ಬೇರೆ ಕಾನೂನಿದೆಯಂತೆ! ದಿಬ್ಬ ಮುಚ್ಚದೆ ನಾವು ಅಂಗಳ ಎಷ್ಟು ಸಲ ಸ್ವಚ್ಛ ಮಾಡಿದರೂ ಮುಂದಿನ ಗಾಳಿಗೆ ಮತ್ತೆ ಅದೇ. ಹಾಗಾಗಿ ಬೀದಿಯವರೆಲ್ಲ ಸೇರಿ ಮಣ್ಣು ಪರೀಕ್ಷೆ ಮಾಡಿಸಿ. ಖರ್ಚೂ ಹಂಚಿಹೋಗುತ್ತದೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡುವಾಗ ಕೈಯಲ್ಲಿ ವರದಿಯೂ ಇರುತ್ತದೆ.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ವರದಿ ಬರುವ ತನಕ ಅಂಗಳ, ಸೊಪ್ಪು ಏನು ಮಾಡಲಿ?

ಚಾಂಪಿಯನ್ ರೀಫ್ಸ್‌ನಲ್ಲಿ ಬೆಳೆದವರು
ಬರಿ ಮಣ್ಣು ಕಾಣುವ ಜಾಗ ಇರಬಾರದು ಅಕ್ಕಾ. ಓಡಾಡುವ ಕಡೆ ಕಲ್ಲುಚಪ್ಪಡಿ ಅಥವಾ ಜಲ್ಲಿ, ಉಳಿದ ಕಡೆ ಹುಲ್ಲು. ಸೊಪ್ಪು, ಮೂಲಂಗಿ ನೆಲದಲ್ಲಿ ಬೇಡ, ಮಣ್ಣು ಅಂಟುವುದು ಅವಕ್ಕೇ ಜಾಸ್ತಿ. ಇಟ್ಟಿಗೆ ಕಟ್ಟಿ, ತಳಕ್ಕೆ ದಪ್ಪ ಬಟ್ಟೆ ಹಾಸಿ, ಒಂದೂವರೆ ಅಡಿ ಹೊಸ ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿ. ಮಣ್ಣು ದಿಬ್ಬದಿಂದ ದೂರದ ಹೊಲದ್ದಿರಲಿ, ಲಾರಿಯವನು "ಒಳ್ಳೇ ಮಣ್ಣು" ಎಂದ ಮಾತ್ರಕ್ಕೆ ಇಳಿಸಿಕೊಳ್ಳಬೇಡಿ. ಮಗನಿಗೆ ಆಡಲು ಒಂದು ತೊಟ್ಟಿಯಲ್ಲಿ ತೊಳೆದ ಮರಳು ಹಾಕಿ, ರಾತ್ರಿ ಟಾರ್ಪಾಲ್ ಮುಚ್ಚಿ. ಇಲ್ಲಾಂದ್ರೆ ದೂಳೂ ಕೂರುತ್ತದೆ, ಬೆಕ್ಕೂ ಬರುತ್ತದೆ.