ಹಳೇ ಫ್ಲ್ಯಾಶ್ ಗೇಮ್ ಈಗ ಆಡೋದು ಹೇಗೆ? ಮಕ್ಕಳಿಗೆ ತೋರಿಸಬೇಕು

ಎಂ ಬ್ಲಾಕ್ ಅತ್ತೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಮೈಸೂರು, ಕುವೆಂಪುನಗರ. ದಸರಾ ರಜೆಗೆ ಮಂಡ್ಯದಿಂದ ಅಣ್ಣನ ಮಕ್ಕಳು ಬಂದಿದ್ದಾರೆ, ಹುಡುಗ ಐದನೇ ಕ್ಲಾಸು, ಅವನ ತಂಗಿ ಎರಡನೇ ಕ್ಲಾಸು. ಝೂ ಆಯ್ತು, ವಸ್ತುಪ್ರದರ್ಶನ ಆಯ್ತು, ರಾತ್ರಿ ಲೈಟಿಂಗ್ ನೋಡಿದ್ದೂ ಆಯ್ತು. ಮಿಕ್ಕ ಹೊತ್ತೆಲ್ಲ ನನ್ನ ಫೋನಿಗಾಗಿ ಇಬ್ಬರದೂ ಜಗಳ. ಅವರು ಆಡುವ ಗೇಮ್ ನೋಡಿದರೆ ತಲೆ ಕೆಡುತ್ತೆ. ಒಂದು ಸಲ ಸೋತರೆ ಒಂದು ಜಾಹೀರಾತು, ಗೆದ್ದರೆ ಇನ್ನೊಂದು, ಮಧ್ಯೆ ಮಧ್ಯೆ ವಜ್ರ ಕೊಂಡುಕೊಳ್ಳಿ ಅಂತ ಮಿನುಗುವ ಬಟನ್ ಬೇರೆ. ಅದೇ ಫೋನಿನಲ್ಲಿ ನನ್ನ ಯುಪಿಐ ಇದೆ, ಹಾಗಾಗಿ ನನಗೆ ಒಳಗೊಳಗೇ ಪುಕುಪುಕು.

ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. ವಿಂಡೋಸ್ 10, 4 ಜಿಬಿ ರ‍್ಯಾಮ್. ನಾನು ಕಾಲೇಜಿಗೆ ಹೋಗುವಾಗ ಸರಸ್ವತಿಪುರಂನ ಒಂದು ಸೈಬರ್ ಕೆಫೆಯಲ್ಲಿ ಪ್ರಾಜೆಕ್ಟ್ ಪ್ರಿಂಟ್ ತೆಗೆಸುವ ನೆಪದಲ್ಲಿ ಗೆಳತಿ ಜೊತೆ ಕೂತು ಫೈರ್‌ಬಾಯ್ ಅಂಡ್ ವಾಟರ್‌ಗರ್ಲ್ ಆಡುತ್ತಿದ್ದೆವು. ಬ್ರೌಸರ್ ತೆಗೆದರೆ ಆಟ, ಮುಚ್ಚಿದರೆ ಮುಗೀತು. ಲಾಗಿನ್ ಇಲ್ಲ, ಡೌನ್‌ಲೋಡ್ ಇಲ್ಲ. ಅಂಥದ್ದನ್ನೇ ಇವರಿಗೂ ಹಾಕಿ ಕೊಡೋಣ ಅಂತ ಹುಡುಕಿದರೆ ಒಂದು ಸೈಟಿನಲ್ಲಿ ಆಟ ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಖಾಲಿ ಚೌಕ. ಇನ್ನೊಂದರಲ್ಲಿ "ನಿಮ್ಮ ಫ್ಲ್ಯಾಶ್ ಪ್ಲೇಯರ್ ಹಳೆಯದಾಗಿದೆ, ಇಲ್ಲಿ ಒತ್ತಿ ಅಪ್‌ಡೇಟ್ ಮಾಡಿ" ಅಂತ ಬರುತ್ತಿದೆ. ಒತ್ತಬಹುದಾ? ಅಥವಾ ಈ ಆಟಗಳ ಕಥೆ ಮುಗಿದೇ ಹೋಯ್ತಾ? ಗೊತ್ತಿರುವವರು ಸ್ವಲ್ಪ ಹೇಳಿ.

ಸಕ್ಕರೆನಾಡು ಸರ್ವಿಸ್:

ಒತ್ತಬೇಡಿ ಮೇಡಂ. ಮೊದಲು ಆ ಟ್ಯಾಬ್ ಮುಚ್ಚಿ, ಆಮೇಲೆ ಮಿಕ್ಕಿದ್ದು ಓದಿ.

ಫ್ಲ್ಯಾಶ್ ಅಂದರೆ ಬ್ರೌಸರಿನಲ್ಲಿ ಇಂಥ ಆಟ ಓಡಿಸುತ್ತಿದ್ದ ಸಾಫ್ಟ್‌ವೇರ್. ಅಡೋಬಿ ಕಂಪನಿಯವರು ಅದನ್ನು ನಿಲ್ಲಿಸುತ್ತೇವೆ ಅಂತ 2017ರಲ್ಲೇ ಹೇಳಿದ್ದರು. 2020ರ ಡಿಸೆಂಬರ್ 31ಕ್ಕೆ ನಿಲ್ಲಿಸಿದರು. 2021ರ ಜನವರಿ 12ರಿಂದ ಪ್ಲೇಯರ್ ಒಳಗೇ ಇಟ್ಟಿದ್ದ ಬೀಗ ಬಿತ್ತು, ಮೊದಲೇ ಹಾಕಿಕೊಂಡಿದ್ದವರಿಗೂ ಆಟ ಓಡಲಿಲ್ಲ. ಅಲ್ಲಿಂದ ಈಚೆಗೆ ಬ್ರೌಸರಿಗೆ ಫ್ಲ್ಯಾಶ್ ಅಪ್‌ಡೇಟ್ ಅನ್ನೋದೇ ಇಲ್ಲ. ಇಲ್ಲದ ವಸ್ತುವಿಗೆ ಅಪ್‌ಡೇಟ್ ಕೊಡುತ್ತೀನಿ ಅನ್ನುವವನು ಏನು ಕೊಡುತ್ತಾನೆ ಅಂತ ನೀವೇ ಯೋಚನೆ ಮಾಡಿ. ಫ್ಲ್ಯಾಶ್ ಬದುಕಿದ್ದಾಗಲೇ ಈ ಮೋಸ ಶುರುವಾಗಿತ್ತು. 2017ರ ಅಕ್ಟೋಬರ್‌ನಲ್ಲಿ ರಷ್ಯಾ, ಉಕ್ರೇನ್ ಕಡೆ ಬ್ಯಾಡ್ ರ‍್ಯಾಬಿಟ್ ಅಂತ ಒಂದು ರ‍್ಯಾನ್ಸಮ್‌ವೇರ್ ಹಬ್ಬಿತ್ತಲ್ಲ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವಂಥದ್ದು, ಅದು ಬಂದಿದ್ದೂ ಫ್ಲ್ಯಾಶ್ ಅಪ್‌ಡೇಟ್ ವೇಷದಲ್ಲೇ.

ನಮ್ಮ ಅಂಗಡಿ ಮಂಡ್ಯದಲ್ಲಿದೆ, ರಿಪೇರಿ ಕೆಲಸ. ಫೋಟೊ ಎಲ್ಲಾ ಲಾಕ್ ಆಗಿದೆ ಅಂತ ಸಿಪಿಯು ಹೊತ್ತು ತರುವವರನ್ನು ಏನು ಡೌನ್‌ಲೋಡ್ ಮಾಡಿದ್ರಿ ಅಂತ ಕೇಳಿದರೆ ಏನೂ ಇಲ್ಲ ಸಾರ್, ಸುಮ್ನೆ ಮಗ ಗೇಮ್ ಹಾಕಿಕೊಂಡ ಅಂತಾರೆ. ದುಡ್ಡು ಹೋಗಿದ್ದರೆ ಮಾತ್ರ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಅಂಗಡಿಗೆ ಆಮೇಲೆ ಬನ್ನಿ.

ಹಳೇ ಮೌಸ್:

ಮೇಲೆ ಹೇಳಿದ್ದು ನೂರಕ್ಕೆ ನೂರು ಸರಿ. ಈಗ ದಾರಿ ಕೇಳಿ, ದಾರಿ ಇದೆ.

ನಿಮಗೆ ಬೇಕಾದ ಆಟಕ್ಕಂತೂ ಏನೂ ಕಷ್ಟವಿಲ್ಲ. ಫೈರ್‌ಬಾಯ್ ಅಂಡ್ ವಾಟರ್‌ಗರ್ಲ್ 2009ರ ಆಟ, ಅದು ಈಗ ವೆಬ್‌ಪೇಜ್ ಬರೆಯುವ ಭಾಷೆಯಾದ ಎಚ್‌ಟಿಎಂಎಲ್5ನಲ್ಲೂ ಇದೆ. ಹೊಸ ಬ್ರೌಸರ್‌ಗಳಿಗೆ ಅದು ನೇರವಾಗಿ ಗೊತ್ತು, ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಹಾಗೆ ಹೊಸದಾಗಿ ಬರೆಯದೆ ಬಿಟ್ಟಿರುವ ಆಟಗಳಿಗೆ ರಫಲ್ ಅಂತ ಒಂದು ಎಮ್ಯುಲೇಟರ್ ಇದೆ, ಅಂದರೆ ಫ್ಲ್ಯಾಶ್‌ನ ಹಾಗೆ ನಟಿಸಿ ಅದರ ಆಟ ಓಡಿಸುವ ಸಾಫ್ಟ್‌ವೇರ್. ಉಚಿತ, ಓಪನ್ ಸೋರ್ಸ್. ಕ್ರೋಮ್, ಫೈರ್‌ಫಾಕ್ಸ್ ಎರಡಕ್ಕೂ ಎಕ್ಸ್‌ಟೆನ್ಶನ್ ಸಿಗುತ್ತದೆ, ಅವುಗಳ ಅಧಿಕೃತ ಸ್ಟೋರಿನಿಂದಲೇ ಹಾಕಿಕೊಳ್ಳಿ. ಹಳೇ ಫ್ಲ್ಯಾಶ್ ಹೊರಗಿನಿಂದ ಬಂದು ಬ್ರೌಸರಿಗೆ ಅಂಟಿಕೊಳ್ಳುತ್ತಿದ್ದ ಪ್ಲಗಿನ್, ಅದರಲ್ಲಿ ತೂತು ಬಿದ್ದರೆ ಇಡೀ ಕಂಪ್ಯೂಟರಿಗೆ ಬಾಗಿಲು ತೆರೆದ ಹಾಗೆ. ವರ್ಷವಿಡೀ ತೇಪೆ ಹಾಕುವುದೇ ಅವರ ಕೆಲಸ ಆಗಿತ್ತು. ರಫಲ್ ವೆಬ್ ಅಸೆಂಬ್ಲಿ ಅನ್ನೋ ಬ್ರೌಸರಿನದೇ ಸೌಲಭ್ಯದ ಮೂಲಕ ಬ್ರೌಸರಿನ ಒಳಗೇ, ಅದರ ಕಟ್ಟುಪಾಡಿನಲ್ಲೇ ಓಡುತ್ತದೆ. ಬರೆದಿರುವುದು ರಸ್ಟ್ ಭಾಷೆಯಲ್ಲಿ, ಮೆಮೊರಿ ಎಡವಟ್ಟುಗಳಿಗೆ ಅಲ್ಲಿ ಅವಕಾಶ ಕಡಿಮೆ. ಎಲ್ಲಾ ಆಟವೂ ಓಡುತ್ತೆ ಅಂತ ಹೇಳಲ್ಲ. 2006ಕ್ಕೆ ಮುಂಚಿನವು ಸಾಮಾನ್ಯವಾಗಿ ಚೆನ್ನಾಗಿ ಬರುತ್ತವೆ. ಆ ವರ್ಷ ಫ್ಲ್ಯಾಶ್ ಆಟ ಬರೆಯುವ ಭಾಷೆಯ ಹೊಸ ಆವೃತ್ತಿ ಆಕ್ಷನ್‌ಸ್ಕ್ರಿಪ್ಟ್ 3 ಬಂತು, ಅದರಲ್ಲಿ ಬರೆದ ಕೆಲವು ಆಟಗಳು ಇನ್ನೂ ಅಲ್ಲಲ್ಲಿ ತಡವರಿಸುತ್ತವೆ.

ಸೈಟುಗಳಲ್ಲಿ ನ್ಯೂಗ್ರೌಂಡ್ಸ್‌ನವರೇ ರಫಲ್ ಹಾಕಿಕೊಂಡಿದ್ದಾರೆ, ಆದರೆ ಅಲ್ಲಿ ದೊಡ್ಡವರ ಆಟಗಳೂ ಬೇಕಾದಷ್ಟಿವೆ, ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ. ಇಂಟರ್‌ನೆಟ್ ಆರ್ಕೈವ್‌ನವರು 2020ರ ನವೆಂಬರ್‌ನಿಂದ ಫ್ಲ್ಯಾಶ್ ಆಟಗಳನ್ನು ಕೂಡಿಸಿ ಇಡುತ್ತಿದ್ದಾರೆ. ಅಲ್ಲೇ ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಆಟಗಳೂ ಇವೆ, 2015ರಲ್ಲಿ ಸುಮಾರು 2,400 ಆಟ ಒಂದೇ ಸಲ ಹಾಕಿದ್ದರು, ಅವೂ ಬ್ರೌಸರಿನಲ್ಲೇ ಆಡಲು ಬರುತ್ತವೆ.

ಡಾಸ್ ಅಂದ ಮೇಲೆ ಪ್ರಿನ್ಸ್ ಆಫ್ ಪರ್ಷಿಯಾ ಬಗ್ಗೆ ಎರಡು ಮಾತು ಹೇಳದೆ ನನಗೆ ನಿದ್ದೆ ಬರಲ್ಲ. 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಬಂತು, ಮರುವರ್ಷ ಡಾಸ್‌ಗೆ. ಆಟ ಮಾಡಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ಜಿಗಿಸಿ, ವೀಡಿಯೊ ಹಿಡಿದು, ಒಂದೊಂದೇ ಫ್ರೇಮ್ ನೋಡಿ ಆ ರಾಜಕುಮಾರನ ಚಿತ್ರ ಬರೆದದ್ದು. ಅದಕ್ಕೇ ಅವನು ಗೋಡೆ ಅಂಚು ಹಿಡಿದು ಮೇಲೆ ಹತ್ತುವಾಗ ಇವತ್ತಿಗೂ ನಿಜವಾದ ಮನುಷ್ಯನ ಮೈಭಾರ ಕಾಣುತ್ತೆ. ಇರುವುದು ಒಂದೇ ಗಂಟೆ, ಅಷ್ಟರಲ್ಲಿ ರಾಜಕುಮಾರಿಯನ್ನು ಬಿಡಿಸಬೇಕು. ನೆಲದಿಂದ ಮೊಳೆ ಎದ್ದು ಬರುವ ಜಾಗದಲ್ಲಿ ಎಲ್ಲರೂ ಓಡಿ ಸಾಯುತ್ತಾರೆ, ಶಿಫ್ಟ್ ಒತ್ತಿಕೊಂಡು ಒಂದೊಂದೇ ಹೆಜ್ಜೆ ಇಟ್ಟರೆ ಆ ಮೊಳೆ ನಡುವೆಯೇ ಆರಾಮಾಗಿ ದಾಟಬಹುದು. ಹುಡುಗನಿಗೆ ಹೇಳಬೇಡಿ, ಅವನೇ ಕಂಡುಹಿಡಿಯಲಿ. ಸಣ್ಣವಳಿಗೆ ಬೇಡ, ರಕ್ತ ಬರುತ್ತೆ.

ಬೋಗಾದಿ ಬೈಟ್:

ಎಲ್ಲರೂ ಹಳೇದೆಲ್ಲಾ ಬಂಗಾರ ಅನ್ನುವ ಹಾಗೆ ಮಾತಾಡ್ತಾ ಇದ್ದೀರಿ, ಹಾಗಾಗಿ ಸ್ವಲ್ಪ ಹುಳಿ ಹಿಂಡುತ್ತೇನೆ. ಆ ಫ್ಲ್ಯಾಶ್ ಸೈಟುಗಳಲ್ಲಿ ಜಾಹೀರಾತು ಇರಲಿಲ್ವಾ ಸ್ವಾಮಿ? ಆಟ ಲೋಡ್ ಆಗೋ ತನಕ ಬ್ಯಾನರ್, ಪಕ್ಕದಲ್ಲಿ ಬ್ಯಾನರ್, ನೀವು ಮಿಲಿಯನ್ ಡಾಲರ್ ಗೆದ್ದಿದ್ದೀರಿ ಅನ್ನೋ ಪಾಪ್ಅಪ್. ನೂರರಲ್ಲಿ ತೊಂಬತ್ತು ಆಟ ಕಸ. ನೆನಪಿನಲ್ಲಿ ಉಳಿದಿರುವುದು ಮಿಕ್ಕ ಹತ್ತು. ಮತ್ತೆ ಕಾಸು ಕೀಳುವ ವಿದ್ಯೆ ಮೊಬೈಲಿನಿಂದ ಬಂದದ್ದೂ ಅಲ್ಲ, ಫೇಸ್‌ಬುಕ್‌ನಲ್ಲಿ ಫಾರ್ಮ್‌ವಿಲ್ ಅಂತ ಬೇಸಾಯದ ಆಟ ಇತ್ತಲ್ಲ, ಅದೂ ಫ್ಲ್ಯಾಶೇ. ಬೆಳೆ ಒಣಗುತ್ತೆ ಬಾ ಬಾ ಅಂತ ಕರೆದು ಕರೆದು ದುಡ್ಡು ಕೀಳುತ್ತಿತ್ತು. 2020ರ ಕೊನೇ ದಿನ ಅದೂ ಮುಚ್ಚಿತು. ಮಂಡ್ಯದಲ್ಲಿ ನಮ್ಮ ಮಾವ ಗದ್ದೆಗೆ ನೀರು ಬಿಡಲು ಬಾ ಅಂದರೆ ಬರದ ಹುಡುಗರು ಅದರಲ್ಲಿ ರಾತ್ರಿ ಎದ್ದು ಬೆಳೆ ಕೊಯ್ಯುತ್ತಿದ್ದರು!

ಮಕ್ಕಳಿಗೆ ಹಳೇದೇ ಬೇಕು ಅಂತೇನಿಲ್ಲ, ಚಿಕ್ಕದಾಗಿದ್ದರೆ ಸಾಕು. 2048 ಅನ್ನೋ ಅಂಕಿ ಆಟ ಹಾಕಿ ಕೊಡಿ, 2014ರಲ್ಲಿ ಬಂದ ಆಟ, ಲೆಕ್ಕ ಕಲಿತ ಹುಡುಗನಿಗೆ ಹೇಳಿ ಮಾಡಿಸಿದ್ದು. ಸಣ್ಣವಳಿಗೆ ಕ್ರೋಮ್‌ನಲ್ಲೇ ಇರುವ ಡೈನೋಸಾರ್ ಸಾಕು. ನೆಟ್ ಕೇಬಲ್ ಕಿತ್ತು ಯಾವುದಾದರೂ ಪೇಜ್ ತೆಗೆಯಿರಿ, ಡೈನೋಸಾರ್ ಬಂದು ನಿಲ್ಲುತ್ತೆ, ಸ್ಪೇಸ್ ಒತ್ತಿದರೆ ಓಡುತ್ತೆ. ಕೇಬಲ್ ಕಿತ್ತಿದ್ದರಿಂದ ಬೇರೆ ಸೈಟಿಗೆ ಹೋಗುತ್ತಾಳೆ ಅನ್ನೋ ಚಿಂತೆಯೂ ಇಲ್ಲ.

ಫೋನ್ ಕೊಡಲೇಬೇಕಾಗಿ ಬಂದರೆ ಆಂಡ್ರಾಯ್ಡ್‌ನ ಸೆಕ್ಯುರಿಟಿ ಸೆಟ್ಟಿಂಗ್‌ನಲ್ಲಿ ಆ್ಯಪ್ ಪಿನ್ ಮಾಡುವ ಸೌಲಭ್ಯ ಇದೆ. ಅಲ್ಲೇ ಪಿನ್ ತೆಗೆಯುವಾಗ ಲಾಕ್ ಕೇಳುವ ಆಯ್ಕೆಯನ್ನೂ ಆನ್ ಮಾಡಿ, ಆಟವನ್ನು ಪಿನ್ ಮಾಡಿ ಕೊಟ್ಟರೆ, ಹೊರಗೆ ಬರಲು ನಿಮ್ಮ ಲಾಕ್ ಕೇಳುತ್ತೆ. ಪ್ಲೇ ಸ್ಟೋರ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಮಾಡಿಡಿ. ಇದು ಮಕ್ಕಳು ಊರಿಗೆ ಹೋದ ಮೇಲೂ ಬೇಕಾಗುತ್ತೆ.

ಎಂ ಬ್ಲಾಕ್ ಅತ್ತೆ:

ಎಲ್ಲರಿಗೂ ಥ್ಯಾಂಕ್ಸ್. ಆ ಅಪ್‌ಡೇಟ್ ಒತ್ತಲಿಲ್ಲ. ಫೈರ್‌ಬಾಯ್ ಸಿಕ್ಕಿತು, ಓಡಿತು. ಮೊದಲ ಮಟ್ಟದಲ್ಲೇ ಇಬ್ಬರೂ ಕುರ್ಚಿ ಎಳೆದುಕೊಂಡು ಬಂದು ಕೂತರು. ಹುಡುಗ ಬೆಂಕಿ, ಬಾಣದ ಗುರುತಿನ ಕೀಗಳು ಅವನಿಗೆ. ಪುಟ್ಟಿ ನೀರು, ಅವಳಿಗೆ ಎ, ಡಬ್ಲ್ಯು, ಡಿ. ಅವನು ನೀರು ಮುಟ್ಟಬಾರದು, ಅವಳು ಬೆಂಕಿ ಮುಟ್ಟಬಾರದು, ಹಸಿರು ಕೆಸರನ್ನು ಇಬ್ಬರೂ ಮುಟ್ಟಬಾರದು. ಒಬ್ಬರು ಗುಂಡಿ ಮೇಲೆ ನಿಂತರೆ ಮಾತ್ರ ಇನ್ನೊಬ್ಬರಿಗೆ ದಾರಿ. ಬೆಳಿಗ್ಗೆ ಫೋನಿಗೆ ಕಿತ್ತಾಡುತ್ತಿದ್ದವರು "ಅಣ್ಣ ನೀನು ನಿಲ್ಲು, ನಾನು ಹೋಗ್ತೀನಿ" ಅಂತ ಮಾತಾಡ್ತಾ ಇದ್ದಾರೆ.

ಆದರೆ ಒಂದು ತೊಂದರೆ. ಇಬ್ಬರೂ ಒಟ್ಟಿಗೆ ಓಡಿ ಜಿಗಿಯಲು ಹೋದಾಗ ಒಬ್ಬರದ್ದು ಜಿಗಿಯುವುದೇ ಇಲ್ಲ. ಒಬ್ಬೊಬ್ಬರೇ ಆಡಿದರೆ ಸರಿ ಇದೆ. ನೀನು ಗಟ್ಟಿಯಾಗಿ ಒತ್ತುತ್ತೀಯ, ಅದಕ್ಕೇ ನನ್ನದು ಕೆಲಸ ಮಾಡಲ್ಲ ಅಂತ ಈಗ ಹೊಸ ಜಗಳ ಶುರುವಾಗಿದೆ. ಕಂಪ್ಯೂಟರ್ ಹಳೇದಾಗಿ ಸ್ಲೋ ಆಗಿದೆಯಾ? ರ‍್ಯಾಮ್ ಹಾಕಿಸಬೇಕಾ?

ಸಕ್ಕರೆನಾಡು ಸರ್ವಿಸ್:

ರ‍್ಯಾಮ್ ಬೇಡ ಮೇಡಂ, ದುಡ್ಡು ಉಳಿಸಿ. ತಪ್ಪು ಮಕ್ಕಳದ್ದೂ ಅಲ್ಲ, ಕೀಬೋರ್ಡಿನದು. ಕೆಟ್ಟಿಲ್ಲ, ಅದರ ಕಟ್ಟಡವೇ ಹಾಗೆ.

ಸಾಧಾರಣ ಕೀಬೋರ್ಡ್ ಬಿಚ್ಚಿದರೆ ಕೀಗಳ ಕೆಳಗೆ ಪ್ಲಾಸ್ಟಿಕ್ ಹಾಳೆ ಇರುತ್ತದೆ, ಅದರ ಮೇಲೆ ತೆಳ್ಳಗೆ ಗೆರೆ ಗೆರೆ. ಒಂದೊಂದು ಕೀಗೂ ಬೇರೆ ವೈರ್ ಎಳೆಯುವುದಿಲ್ಲ, ಹಾಗೆ ಎಳೆದರೆ ನೂರು ವೈರ್ ಬೇಕಾಗುತ್ತೆ. ಅಡ್ಡ ಸಾಲು, ಉದ್ದ ಸಾಲು ಮಾಡಿ, ಅವು ಕೂಡುವ ಜಾಗದಲ್ಲಿ ಕೀ ಇಟ್ಟಿರುತ್ತಾರೆ. ಒಳಗಿನ ಚಿಪ್ ಒಂದೊಂದೇ ಸಾಲಿಗೆ ಕರೆಂಟ್ ಬಿಟ್ಟು ಎಲ್ಲಿ ಕೂಡಿಕೊಂಡಿದೆ ಅಂತ ನೋಡುತ್ತಿರುತ್ತದೆ. ಎರಡು ಕೀ ಒತ್ತಿದರೆ ಗೊಂದಲ ಇಲ್ಲ. ಆದರೆ ಒಂದು ಚೌಕದ ಮೂರು ಮೂಲೆಯಲ್ಲಿರುವ ಕೀ ಒಟ್ಟಿಗೆ ಒತ್ತಿದಿರಿ ಅಂತಿಟ್ಟುಕೊಳ್ಳಿ, ಕರೆಂಟ್ ಸುತ್ತಿಕೊಂಡು ಬಂದು ನಾಲ್ಕನೇ ಮೂಲೆಯ ಕೀಯನ್ನೂ ಒತ್ತಿದ ಹಾಗೆ ಕಾಣುತ್ತೆ. ಯಾವುದು ನಿಜ ಅಂತ ಚಿಪ್‌ಗೆ ಗೊತ್ತಾಗಲ್ಲ. ಹಾಗಾಗಿ ಅನುಮಾನ ಬಂದ ತಕ್ಷಣ ಆ ಮೂರನೇ ಕೀಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಟ್ಟುಬಿಡುತ್ತೆ. ನಿಮ್ಮ ಮಕ್ಕಳು ಇಬ್ಬರೂ ಓಡುತ್ತಾ ಜಿಗಿದರೆ ನಾಲ್ಕು ಕೀ ಆಯ್ತಲ್ವಾ? ಯಾರು ಕೊನೆಗೆ ಒತ್ತಿದರೋ ಅವರದ್ದು ಹೋಯ್ತು. ದುಬಾರಿ ಗೇಮಿಂಗ್ ಕೀಬೋರ್ಡ್‌ನಲ್ಲಿ ಪ್ರತಿ ಕೀಗೂ ಒಂದು ಡಯೋಡ್ ಹಾಕಿರುತ್ತಾರೆ, ಕರೆಂಟ್ ವಾಪಸ್ ಸುತ್ತಲ್ಲ.

ಅದಕ್ಕೆ ಸಾವಿರಾರು ರೂಪಾಯಿ ಕೊಡಬೇಡಿ. ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಇನ್ನೊಂದು ಯುಎಸ್‌ಬಿ ಕೀಬೋರ್ಡ್ ಇದ್ದರೆ ತಂದು ಚುಚ್ಚಿ. ವಿಂಡೋಸ್ ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತೆ, ಏನೂ ಸೆಟ್ ಮಾಡಬೇಕಿಲ್ಲ. ಅವನಿಗೊಂದು, ಅವಳಿಗೊಂದು. ಎರಡಕ್ಕೂ ಬೇರೆ ಬೇರೆ ಚಿಪ್, ಆದ್ದರಿಂದ ಒಬ್ಬರ ಕೀ ಇನ್ನೊಬ್ಬರಿಗೆ ಅಡ್ಡ ಬರಲ್ಲ.

ಇನ್ನೊಂದು ವಿಷಯ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ನಿಂತಿದೆ. ಆ ಡೆಸ್ಕ್‌ಟಾಪ್ ಮಕ್ಕಳ ಆಟಕ್ಕೆ ಇರಲಿ, ಅದರಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ. ಬ್ರೌಸರ್ ಮಾತ್ರ ಅಪ್‌ಡೇಟ್ ಆಗ್ತಾ ಇರಲಿ.

ಹಾಸ್ಟೆಲ್ ವೈಫೈ:

ಅಕ್ಕಾ, ನಾನು ಇಲ್ಲೇ ಮೈಸೂರಲ್ಲಿ ಇಂಜಿನಿಯರಿಂಗ್ ಓದ್ತಾ ಇದ್ದೀನಿ. ಈ ಥ್ರೆಡ್ ಓದಿ ಒಂದು ಮಾತು ಸೇರಿಸಬೇಕು ಅನ್ನಿಸಿತು. ನಮ್ಮ ಅಜ್ಜಿಗೋಸ್ಕರ ಚೌಕಾಬಾರ ಬರೆದಿದ್ದೆ, ಒಂದೇ ಎಚ್‌ಟಿಎಂಎಲ್ ಫೈಲು. ಐದು ಮನೆ ಅಡ್ಡ, ಐದು ಮನೆ ಉದ್ದ, ನಾಲ್ಕು ಕವಡೆ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ಡಬಲ್ ಕ್ಲಿಕ್ ಮಾಡಿದರೆ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತೆ, ನೆಟ್ಟೂ ಬೇಡ. ಅಜ್ಜಿ ಮೊದಲು ಕೇಳಿದ್ದು ಕವಡೆ ನೀನು ಬೀಳಿಸ್ತೀಯೋ ಅದೇ ಬೀಳುತ್ತೋ ಅಂತ. ಕಂಪ್ಯೂಟರ್ ಮೋಸ ಮಾಡುತ್ತೆ ಅಂತ ಈಗಲೂ ಅವರಿಗೆ ಅನುಮಾನ, ನಿಜವಾದ ಕವಡೆ ಹಾಕಿ ಎಷ್ಟು ಬಿತ್ತು ಅಂತ ನನ್ನ ಕೈಲಿ ಟೈಪ್ ಮಾಡಿಸ್ತಾರೆ. ಬೇಕಿದ್ದರೆ ಫೈಲ್ ಕಳಿಸ್ತೀನಿ.

ಎಂ ಬ್ಲಾಕ್ ಅತ್ತೆ:

ಖಂಡಿತ ಕಳಿಸಪ್ಪ. ನಮ್ಮ ಅಮ್ಮನಿಗೂ ಆಗುತ್ತೆ.

ಎರಡನೇ ಕೀಬೋರ್ಡ್ ಎದುರುಮನೆಯಿಂದ ತಂದೆ. ಕೆಲಸ ಮಾಡ್ತಾ ಇದೆ, ಜಗಳ ನಿಂತಿದೆ. ಕೊನೇ ಎರಡು ಪ್ರಶ್ನೆ. ನಿನ್ನೆ ಆಡಿದ ಮಟ್ಟಗಳು ಇವತ್ತಿಗೂ ಹಾಗೇ ಉಳಿದಿವೆ, ಲಾಗಿನ್ ಇಲ್ಲದೆ ಅದಕ್ಕೆ ಹೇಗೆ ಗೊತ್ತಾಗುತ್ತೆ? ಮಂಡ್ಯಕ್ಕೆ ಹೋದ ಮೇಲೆ ನೆಟ್ ಇಲ್ಲದೆ ಇಂಥ ಆಟ ಆಡಬಹುದಾ? ಅಣ್ಣನ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ.

ಹಳೇ ಮೌಸ್:

ಆಟ ಎಲ್ಲಿವರೆಗೆ ಬಂತು ಅನ್ನೋದನ್ನು ಬ್ರೌಸರ್ ನಿಮ್ಮ ಕಂಪ್ಯೂಟರಿನಲ್ಲೇ ಬರೆದಿಟ್ಟುಕೊಳ್ಳುತ್ತೆ. ರಫಲ್ ಮಾಡುವುದೂ ಹಾಗೇ. ಆದ್ದರಿಂದ ಹಿಸ್ಟರಿ ಅಳಿಸುವಾಗ ಕುಕೀಸ್ ಮತ್ತು ಸೈಟ್ ಡೇಟಾ ಅನ್ನೋದಕ್ಕೆ ಟಿಕ್ ಹಾಕಬೇಡಿ, ಹಾಕಿದರೆ ಮಕ್ಕಳ ಮಟ್ಟ ಎಲ್ಲಾ ಹೋಗುತ್ತೆ. ಇನ್‌ಕಾಗ್ನಿಟೊದಲ್ಲಿ ಆಡಿದರೂ ಉಳಿಯಲ್ಲ.

ನೆಟ್ ಇಲ್ಲದೆ ಆಡಲು ಫ್ಲ್ಯಾಶ್‌ಪಾಯಿಂಟ್ ನೋಡಿ. 2018ರಲ್ಲಿ ಶುರುವಾದ ಸಂಗ್ರಹ, ಆಟ ಮತ್ತು ಆ್ಯನಿಮೇಶನ್ ಸೇರಿ 2 ಲಕ್ಷಕ್ಕಿಂತ ಜಾಸ್ತಿ ಇವೆ. ಕೆಲವು ಆಟಗಳು ತಮ್ಮ ಸೈಟಿನಲ್ಲಿ ಬಿಟ್ಟು ಬೇರೆಲ್ಲೂ ಓಡದ ಹಾಗೆ ಬೀಗ ಹಾಕಿಕೊಂಡಿರುತ್ತವೆ, ಅಂಥವಕ್ಕೆ ಇದು ಅದೇ ಸೈಟಿನಲ್ಲಿದ್ದೀಯ ಅಂತ ನಂಬಿಸಿ ಓಡಿಸುತ್ತೆ. ಅದರಲ್ಲಿ ಎರಡು ಬಗೆ: ಎಲ್ಲಾ ಆಟ ಸೇರಿದ್ದು ಹಾರ್ಡ್‌ಡಿಸ್ಕ್ ತುಂಬುವಷ್ಟು ದೊಡ್ಡದು, ಅದು ಬೇಡ. ಇನ್ಫಿನಿಟಿ ಅನ್ನೋದು ಚಿಕ್ಕದು, ಬೇಕಾದ ಆಟವನ್ನು ಆಡುವಾಗ ಮಾತ್ರ ಇಳಿಸಿಕೊಳ್ಳುತ್ತೆ. ಅಣ್ಣನ ಮನೆ ಕಂಪ್ಯೂಟರಿನಲ್ಲಿ ಅದನ್ನು ಹಾಕಿ, ಫೋನ್ ಹಾಟ್‌ಸ್ಪಾಟ್ ಕೊಟ್ಟು ನೀವೇ ಒಂದು ಸಲ ಬೇಕಾದ ಆಟಗಳನ್ನೆಲ್ಲ ತೆರೆದುಬಿಡಿ, ಆಮೇಲೆ ನೆಟ್ ತೆಗೆದು ಒಂದೊಂದಾಗಿ ಓಡಿಸಿ ನೋಡಿ ಮಕ್ಕಳಿಗೆ ಕೊಡಿ. ಒಂದೊಂದು ಆಟ ಕೆಲವೇ ಎಂಬಿ ಇರುತ್ತೆ, ಡೇಟಾ ಜಾಸ್ತಿ ಹೋಗಲ್ಲ.

ಸಕ್ಕರೆನಾಡು ಸರ್ವಿಸ್:

ಮಂಡ್ಯಕ್ಕೆ ಬಂದ ಮೇಲೆ ಅಣ್ಣನವರಿಗೆ ಹೇಳಿ, ಹಳೇ ಯುಎಸ್‌ಬಿ ಕೀಬೋರ್ಡ್‌ಗಳು ನಮ್ಮ ಅಂಗಡಿಯಲ್ಲಿ ಒಂದು ಮೂಟೆ ಬಿದ್ದಿವೆ. ಎ, ಡಬ್ಲ್ಯು, ಡಿ ಸರಿ ಇರೋದು ಒಂದನ್ನು ಆರಿಸಿ ಕೊಡ್ತೀನಿ, ಮಿಕ್ಕ ಕೀ ಹೇಗಿದ್ದರೂ ಪುಟ್ಟಿಗೆ ಬೇಕಾಗಲ್ಲ.