ಅಪ್‌ಡೇಟ್: ತೊಡೆಯ ಕವಚ ಈಗ ಜಾರುತ್ತಿಲ್ಲ

ನನ್ನ ಸೈ-ಫೈ ಸೈನಿಕನ ವೇಷದಲ್ಲಿ, ನಡೆದರೆ ಫೋಮಿನ ತೊಡೆಯ ಕವಚ ಮೊಣಕಾಲಿಗೆ ಇಳಿಯುತ್ತದೆ, ಏನು ಮಾಡಲಿ ಎಂದು ಹಿಂದೆ ಇಲ್ಲಿ ಕೇಳಿದ್ದೆ. ನೀವು ಹೇಳಿದಂತೆ ಸೊಂಟಕ್ಕೆ ಅಗಲದ ಬೆಲ್ಟ್ ಕಟ್ಟಿ, ಅದರಿಂದ ಎಲಾಸ್ಟಿಕ್ ಪಟ್ಟಿ ಇಳಿಬಿಟ್ಟು ಕವಚವನ್ನು ತೂಗುಹಾಕಿದೆ. ಭಾರವೆಲ್ಲ ಸೊಂಟಕ್ಕೆ ಹೋಯಿತು. ತೊಡೆಗೆ ಬಿಗಿಯಾಗಿ ಸುತ್ತುವ ಕಾಟವೇ ಇಲ್ಲ. ಮೊಣಕಾಲಿನ ಹಿಂದೆ ಫೋಮನ್ನು ಅರ್ಧಚಂದ್ರದ ಹಾಗೆ ಕತ್ತರಿಸಿದ ಮೇಲೆ ಕುರ್ಚಿಯ ಅಂಚಿನಲ್ಲಿ ಕೂರಲೂ ಆಗುತ್ತಿದೆ, ಅದೇ ದೊಡ್ಡ ಖುಷಿ.

ಹಾಕಿಕೊಳ್ಳುವುದು ಕಾಲಿನಿಂದಲೇ ಶುರು: ಬೂಟು, ಮೀನಖಂಡದ ಕವಚ, ತೊಡೆ, ಆಮೇಲೆ ಎದೆ-ಬೆನ್ನು. ಎದೆಕವಚ ಹಾಕಿದ ಮೇಲೆ ಬಗ್ಗಲು ಆಗಲ್ಲ ಅಲ್ವಾ! ಭುಜದ ಬಕಲ್‌ಗೆ ಮಾತ್ರ ಇನ್ನೊಬ್ಬರ ಕೈ ಬೇಕು.

ಹೆಲ್ಮೆಟ್ ಗಾಜು ಮಂಜಾಗುವುದು ಇನ್ನೂ ಹಾಗೇ ಇದೆ. ಪುಟ್ಟ ಫ್ಯಾನ್ ಕೂರಿಸಿದರೆ ಗಾಳಿ ಒಳಗೆ ಊದಬೇಕೋ, ಹೊರಗೆ ಎಳೆಯಬೇಕೋ?