ವೈಟ್‌ಟೇಲ್ ಜಿಂಕೆ ವಯಸ್ಸು ಫೋಟೋ ನೋಡಿ ಹೇಳೋಕಾಗುತ್ತಾ?

ಹೊಸಬ_ಪಿಎ:
ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿದೀನಿ. ಟ್ರೇಲ್ ಕ್ಯಾಮೆರಾಗೆ (ಪ್ರಾಣಿ ಓಡಾಡಿದ್ರೆ ತಾನೇ ಫೋಟೋ ತೆಗೆಯೋದು) ಒಂದು ಗಂಡು ಸಿಕ್ಕಿದೆ, ಕೊಂಬಲ್ಲಿ ಎಂಟು ಕವಲು, ಆದ್ರೆ ಮೈ ಸಣಕಲು, ಕಾಲು ಉದ್ದುದ್ದ. ಜೊತೆಗೆ ಬೇಟೆಗೆ ಬರೋರೊಬ್ರು ಎಂಟು ಕವಲಿದ್ರೆ ನಾಲ್ಕು ವರ್ಷ ಪಕ್ಕಾ ಅಂತಾರೆ, ನಂಗ್ಯಾಕೋ ನಂಬಿಕೆ ಬರ್ತಿಲ್ಲ. ಎಳೇದಾಗಿದ್ರೆ ಈ ಸಲ ಬಿಟ್ಬಿಡೋಣ ಅಂತ. ಗೊತ್ತಿರೋರು ಹೇಳಿ.

ಕಾಡುಹಾದಿ:
ಕವಲು ಎಣಿಸಿ ವಯಸ್ಸು ಹೇಳೋದೆಲ್ಲ ಸುಳ್ಳು ಲೆಕ್ಕ ಸರ್. ಕೊಂಬು ವರ್ಷಾ ವರ್ಷ ಉದುರಿ ಹೊಸದು ಬರತ್ತೆ, ವಯಸ್ಸಿನ ಜೊತೆ ಮೇವು, ತಳಿ ಎಲ್ಲಾ ಸೇರತ್ತೆ, ಮೇವು ಚೆನ್ನಾಗಿದ್ರೆ ಒಂದೂವರೆ ವರ್ಷದ್ದಕ್ಕೇ ಎಂಟು ಬಂದಿರೋದುಂಟು. ಮೈಕಟ್ಟು ನೋಡಿ. ನವೆಂಬರ್ ಬೆದೆ ಟೈಮಲ್ಲಿ ಕತ್ತು ಊದ್ಕೊಳ್ಳತ್ತೆ, ಆಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗೋದು. ಒಂದೂವರೆ ವರ್ಷದ್ದು ಹೆಣ್ಣು ಜಿಂಕೆಗೆ ಕೊಂಬು ಸಿಕ್ಕಿಸಿದಂಗಿರತ್ತೆ. ಎರಡೂವರೆಗೆ ಕತ್ತು ಒಂಚೂರು ದಪ್ಪ, ಕಾಲು ಇನ್ನೂ ಉದ್ದಾನೇ. ಮೂರೂವರೆಗೆ ಎದೆ ತುಂಬಿರತ್ತೆ ಆದ್ರೆ ಕತ್ತು ಎಲ್ಲಿ ಮುಗೀತು ಭುಜ ಎಲ್ಲಿ ಶುರುವಾಯ್ತು ಅಂತ ಕಾಣತ್ತೆ, ಹೊಟ್ಟೆ ಬಿಗಿ. ಐದು ದಾಟಿದ್ಮೇಲೆ ಕತ್ತು ಎದೆ ಎಲ್ಲಾ ಒಂದೇ ಆಗಿ ಹೊಟ್ಟೆ ಜೋತು ಕಾಲೇ ಗಿಡ್ಡ ಅನ್ಸತ್ತೆ. ಪಕ್ಕಕ್ಕೆ ನಿಂತು ತಲೆ ಎತ್ತಿರೋ ಫೋಟೋ ಬೇಕು, ಎದುರಿಂದ ತೆಗೆದದ್ದು ಮೋಸ ಮಾಡತ್ತೆ.

ಹೊಸಬ_ಪಿಎ:
ಈ ಅರ್ಧ ವರ್ಷದ ಲೆಕ್ಕ ಯಾಕೆ?

ಕಾಡುಹಾದಿ:
ಮರಿ ಹುಟ್ಟೋದು ಹೆಚ್ಚಾಗಿ ಮೇ ಕೊನೆ, ಜೂನ್. ಬೇಟೆ ಸೀಸನ್ ನವೆಂಬರ್ ಹೊತ್ತಿಗೆ. ಅಷ್ಟೇ.

ದವಡೆ_ಲೆಕ್ಕ:
ಹೊಡೆದ ಮೇಲಾದ್ರೆ ಕೆಳದವಡೆ ನೋಡಿ. ದನಕ್ಕೆ ಮುಂದಿನ ಹಲ್ಲು ನೋಡಿ ಎರಡಲ್ಲು ನಾಲ್ಕಲ್ಲು ಅಂತೀವಲ್ಲ ಅದು ಇಲ್ಲಿ ನಡೆಯಲ್ಲ, ಜಿಂಕೆಗೆ ಸುಮಾರು ಒಂದು ವರ್ಷದೊಳಗೇ ಮುಂದಿನ ಹಲ್ಲೆಲ್ಲಾ ಬದಲಾಗಿರತ್ತೆ. ಹಿಂದಿರೋ ಅಗಿಯೋ ಹಲ್ಲಿನ ಸಾಲಲ್ಲಿ ಮುಂದಿನಿಂದ ಮೂರನೇ ಹಲ್ಲು ನೋಡಿ, ಮೂರು ಭಾಗ ಇದ್ರೆ ಅದು ಹಾಲುಹಲ್ಲು, ಒಂದೂವರೆ ವರ್ಷದ ಆಸುಪಾಸಲ್ಲಿ ಉದುರಿ ಎರಡೇ ಭಾಗದ್ದು ಬರತ್ತೆ. ಇದ್ರಲ್ಲಿ ಅನುಮಾನಕ್ಕೆ ಜಾಗ ಕಮ್ಮಿ. ಅಲ್ಲಿಂದಾಚೆ ಸವೆತ ನೋಡ್ಬೇಕು, ನಾಲ್ಕನೇ ಹಲ್ಲಲ್ಲಿ ಒಳಗಿನ ಕಂದು ಭಾಗ (ಡೆಂಟೈನ್) ಪಕ್ಕದ ಗಟ್ಟಿ ಬಿಳಿ ಪದರಕ್ಕಿಂತ (ಎನಾಮೆಲ್) ಸಣ್ಣ ಇದ್ರೆ ಎರಡೂವರೆ, ಅಗಲ ಇದ್ರೆ ಮೂರೂವರೆ ಅಥವಾ ಮೇಲೆ. ನ್ಯೂಯಾರ್ಕಿನ ವನ್ಯಜೀವಿ ತಜ್ಞ ಸೆವರಿಂಗ್‌ಹೌಸ್ 1949ರಲ್ಲಿ ಪ್ರಕಟಿಸಿದ ವಿಧಾನ ಇದು, ಇವತ್ತಿಗೂ ಬಳಸ್ತಾರೆ, ಆದ್ರೆ ಮೇವು ಮಣ್ಣು ಬೇರೆ ಆದ್ರೆ ಸವೆತಾನೂ ಬೇರೆ, ವಯಸ್ಸಾದಷ್ಟೂ ಅಂದಾಜು ತಪ್ಪತ್ತೆ. ಇನ್ನೂ ಕರೆಕ್ಟಾಗಿ ಬೇಕಂದ್ರೆ ನಡುವಿನ ಮುಂದಿನ ಹಲ್ಲು ಲ್ಯಾಬ್‌ಗೆ ಕಳ್ಸಿ, ಬೇರು ತೆಳ್ಳಗೆ ಕುಯ್ದು ಪದರ ಎಣಿಸ್ತಾರೆ.

ಬೆಟ್ಟದಂಚು:
ನಿಮ್ ಸ್ಟೇಟಲ್ಲಿ 2002ರಿಂದ ಕೊಂಬಲ್ಲಿ ಇಂತಿಷ್ಟು ಕವಲಿದ್ರೆ ಮಾತ್ರ ಗಂಡನ್ನ ಹೊಡೀಬೋದು ಅನ್ನೋ ರೂಲ್ ಇದೆಯಲ್ಲ, ಅದರಿಂದ್ಲೇ ಈ ಗೊಂದಲ ಅನ್ಸತ್ತೆ. ಅದು ಒಂದೂವರೆ ವರ್ಷದ ಗಂಡುಗಳಲ್ಲಿ ಹೆಚ್ಚಿನವನ್ನ ಉಳಿಸೋಕೆ ಮಾಡಿದ್ದು, ಕವಲು ನೋಡಿ ವಯಸ್ಸು ಹೇಳೋಕಲ್ಲ.

ಹೊಸಬ_ಪಿಎ:
ಪಕ್ಕದಿಂದ ಬಂದ ಫೋಟೋ ಸಿಕ್ತು. ಕತ್ತು ಸಣ್ಣ, ಭುಜ ಬೇರೆಯಾಗಿ ಕಾಣತ್ತೆ, ಹೊಟ್ಟೆ ಒಳಗೆ.

ಕಾಡುಹಾದಿ:
ಎರಡೂವರೆ ದಾಟಿರಲ್ಲ ಬಿಡಿ. ಒಂದೂವರೇನೇ ಇರ್ಬೋದು.